ಹೊಸಬರ ಜೊತೆ ಅಂಡಮಾನ್ ಸುತ್ತೋದು ಹೇಗೆ: ಒಂದು ಸಲಕ್ಕೆ ಒಂದೇ ದ್ವೀಪ

ವರ್ಷವಿಡೀ ಹರಿಯೋ ನದಿ ಇಲ್ಲದ ಜಿಲ್ಲೆಯವರು ನಾವು. ಕೋಲಾರದ ಕಡೆ ನೀರು ಅಂದರೆ ಕೆರೆ, ಕುಂಟೆ, ಬಾವಿ, ಬೋರ್‌ವೆಲ್. ವರ್ಷಕ್ಕೆ ಬೀಳುವ ಮಳೆ 700 ಮಿಲಿಮೀಟರ್ ಚಿಲ್ಲರೆ. ಅಂಡಮಾನ್‌ನಲ್ಲಿ ಅದರ ನಾಲ್ಕು ಪಟ್ಟು ಸುರಿಯುತ್ತದೆ. ಅಲ್ಲಿಯ ಹ್ಯಾವ್‌ಲಾಕ್ ದ್ವೀಪದಲ್ಲಿ, ದೋಣಿ ನಿಲ್ಲುವ ಜೆಟ್ಟಿಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದಾಗ ಸಮುದ್ರದ ತಳದ ಮರಳು ಕಾಣಿಸಿತು. ಮರಳಿನ ಮೇಲೆ ಮೀನಿನ ನೆರಳು ಓಡುತ್ತಿತ್ತು. ಬ್ಯಾಗು ಕೆಳಗಿಡೋದನ್ನೂ ಮರೆತು ನೋಡುತ್ತಾ ನಿಂತೆ. ಪಕ್ಕದಲ್ಲಿ ಒಬ್ಬ ಅಕ್ಕನೂ ಅದನ್ನೇ ನೋಡುತ್ತಿದ್ದರು. ಕೊಯಮತ್ತೂರಿನವರು, ನರ್ಸ್. ಮಾತು ಶುರುವಾಗಿದ್ದು ಹಾಗೆ.

ನಾನು ಅಂಡಮಾನ್‌ಗೆ ಎರಡು ಸಲ ಒಬ್ಬನೇ ಹೋಗಿದ್ದೇನೆ. ಎರಡು ಸಲವೂ ಅಲ್ಲಿ ಸಿಕ್ಕವರ ಜೊತೆ ಸುತ್ತಿದ್ದೇನೆ. ಮೊದಲ ಸಲ ಮನಸ್ಸು ಮುರಿದು ಬಂದೆ. ಎರಡನೇ ಸಲ ಮೂರು ಜನ ಸಿಕ್ಕರು, ಇವತ್ತಿಗೂ ವಾರಕ್ಕೊಂದು ಸಲ ಮಾತಾಡುತ್ತೇವೆ. ಎರಡನೇ ಸಲ ನಾನು ಪಾಲಿಸಿದ್ದು ಒಂದೇ ಕಟ್ಟುಪಾಡು: ಹೊಸಬರ ಜೊತೆ ಒಪ್ಪಂದ ಒಂದು ದ್ವೀಪದ ಮಟ್ಟಿಗೆ ಮಾತ್ರ. ಮುಂದಿನ ದೋಣಿಗೆ ಟಿಕೆಟ್ ತಗೊಳ್ಳೋ ಮುಂಚೆ ಎಲ್ಲರೂ ಮತ್ತೆ ಕೂತು ಮಾತಾಡಬೇಕು. ಕೆಳಗೆ ಬರೆದಿರೋದೆಲ್ಲ ಇದರ ಸುತ್ತಲೇ ಇದೆ.

ಹೊರಡೋ ಮುಂಚೆ

ಮೊದಲು ತಿಂಗಳು ಗೊತ್ತು ಮಾಡಿಕೊಳ್ಳಿ. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮುಂಗಾರು. ಗಾಳಿ ಜೋರಾದರೆ ದೋಣಿ ನಿಲ್ಲಿಸುತ್ತಾರೆ. ಅಕ್ಟೋಬರ್, ನವೆಂಬರ್‌ನಲ್ಲೂ ಹಿಂಗಾರು ಮಳೆ ಇರುತ್ತದೆ. ಜನವರಿಯಿಂದ ಏಪ್ರಿಲ್‌ವರೆಗೆ ಸಮುದ್ರ ಶಾಂತ, ನೀರೂ ತಿಳಿ. ಮೊದಲ ಸಲ ಹೋಗುವವರು ಈ ನಾಲ್ಕು ತಿಂಗಳಲ್ಲೇ ಹೋಗಿ.

ಬೆಂಗಳೂರಿಂದ ಅಂಡಮಾನ್‌ನ ರಾಜಧಾನಿ ಪೋರ್ಟ್ ಬ್ಲೇರ್‌ಗೆ ನೇರ ವಿಮಾನದಲ್ಲಿ ಸುಮಾರು ಎರಡೂವರೆ ಗಂಟೆ. ವಿಮಾನ ನಿಲ್ದಾಣ ದೇವನಹಳ್ಳಿಯಲ್ಲಿರೋದು ನಮ್ಮ ಪುಣ್ಯ. ಚಿಕ್ಕಬಳ್ಳಾಪುರದವರಿಗೆ ಅದು ಪಕ್ಕದ ಊರೇ. ಕೋಲಾರದವರು ವೇಮಗಲ್, ಎಚ್.ಕ್ರಾಸ್, ವಿಜಯಪುರದ ಮೇಲೆ ಹೋಗಬಹುದು. ತುಮಕೂರಿನವರು ಡಾಬಸ್‌ಪೇಟೆ, ದೊಡ್ಡಬಳ್ಳಾಪುರದ ದಾರಿ ಹಿಡಿದರೆ ಬೆಂಗಳೂರು ಟ್ರಾಫಿಕ್ ತಪ್ಪುತ್ತದೆ. ಸಮಯ ಜಾಸ್ತಿ ಇರುವವರು ಬಂಗಾರಪೇಟೆಯಿಂದ ರೈಲಲ್ಲಿ ಚೆನ್ನೈಗೆ ಹೋಗಿ, ಅಲ್ಲಿಂದ ಹಡಗು ಹತ್ತಬಹುದು. ಸಮುದ್ರದ ಮೇಲೆ ಎರಡೂವರೆಯಿಂದ ಮೂರು ದಿನ ಆಗುತ್ತದೆ, ಹಡಗು ದಿನಾ ಇರೋದಿಲ್ಲ.

ಹೆಸರುಗಳ ಬಗ್ಗೆ ಒಂದು ಮಾತು. ಪೋರ್ಟ್ ಬ್ಲೇರ್‌ಗೆ 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯ ಪುರಂ ಅಂತ ಹೊಸ ಹೆಸರು ಇಟ್ಟಿದ್ದಾರೆ. 2018ರಲ್ಲೇ ಹ್ಯಾವ್‌ಲಾಕ್ ಸ್ವರಾಜ್ ದ್ವೀಪ ಆಯಿತು, ನೀಲ್ ಶಹೀದ್ ದ್ವೀಪ ಆಯಿತು. ಟಿಕೆಟ್ ಮೇಲೆ ಒಂದು ಹೆಸರು, ಜನರ ಬಾಯಲ್ಲಿ ಇನ್ನೊಂದು. ಎರಡೂ ಗೊತ್ತಿರಲಿ. ನಾನು ಇಲ್ಲಿ ಜನ ಕರೆಯುವ ಹಳೆ ಹೆಸರನ್ನೇ ಬಳಸುತ್ತೇನೆ.

ಈಜು ಬರದಿದ್ದರೆ ಎರಡು ತಿಂಗಳು ಮುಂಚೆ ಕಲಿಯಲು ಶುರು ಮಾಡಿ. ಪೂರ್ತಿ ಬರದಿದ್ದರೂ ಪರವಾಗಿಲ್ಲ. ಮುಖ ನೀರೊಳಗೆ ಇಟ್ಟು ಗಾಬರಿಯಾಗದೆ ಇರೋದು, ಬೆನ್ನ ಮೇಲೆ ತೇಲೋದು, ಇಷ್ಟು ಬಂದರೆ ಅರ್ಧ ಭಯ ಹೋಗುತ್ತದೆ. ಕಲಿಯೋದು ಈಜುಕೊಳದಲ್ಲೇ ಇರಲಿ. ಕೆ.ಸಿ. ವ್ಯಾಲಿ ನೀರು ತುಂಬಿದ ಕೆರೆಗಳಿಗೆ ಮಾತ್ರ ಇಳಿಯಬೇಡಿ. ಅದು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಬಿಟ್ಟ ನೀರು. ಅಂತರ್ಜಲಕ್ಕಾಗಿ ಬಿಟ್ಟಿದ್ದು, ಈಜಾಡೋಕೆ ಅಲ್ಲ.

ಇನ್ನೊಂದು ತಯಾರಿ ನನಗೆ ತುಂಬಾ ಉಪಯೋಗಕ್ಕೆ ಬಂತು. ಗೊತ್ತಿಲ್ಲದವರ ಜೊತೆ ಒಂದು ದಿನದ ಚಾರಣ. ನಮ್ಮ ಅಂತರಗಂಗೆ ಬೆಟ್ಟ, ಚಿಕ್ಕಬಳ್ಳಾಪುರದ ಸ್ಕಂದಗಿರಿ, ತುಮಕೂರು ಜಿಲ್ಲೆಯ ಮಧುಗಿರಿ, ಎಲ್ಲಾದರೂ ಸರಿ. ತುಂಬಿದ ಬ್ಯಾಗು ಹೊತ್ತೇ ಹತ್ತಿ. ಬ್ಯಾಗಿನ ಪಟ್ಟಿ ಎಲ್ಲಿ ಉಜ್ಜುತ್ತದೆ ಅಂತ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಮ್ಮ ಸ್ವಭಾವ ನಿಮಗೆ ಗೊತ್ತಾಗುತ್ತದೆ. ಹಿಂದೆ ಉಳಿದವರಿಗಾಗಿ ಕಾಯೋಕೆ ಆಗುತ್ತಾ? ದಣಿದಾಗ ಸಿಡಿಮಿಡಿ ಆಗುತ್ತಾ? ಇನ್ನೊಬ್ಬರ ನೀರಿನ ಬಾಟಲಿ ಖಾಲಿಯಾಗಿದ್ದು ಕಣ್ಣಿಗೆ ಬೀಳುತ್ತಾ? ಹತ್ತು ದಿನ ಹೊಸಬರ ಜೊತೆ ಇರಬೇಕಾದವರು ಇದನ್ನು ಮೊದಲೇ ತಿಳಿದುಕೊಳ್ಳಬೇಕು.

ಬ್ಯಾಗಿನಲ್ಲಿ

ಏಳೆಂಟು ಕೆಜಿ ಮೀರಬೇಡಿ. ಬೇಗ ಒಣಗುವ ಬಟ್ಟೆ ಮೂರು ಜೊತೆ. ನೀರಿಗೆ ಇಳಿಯೋಕೆ ಉದ್ದ ತೋಳಿನ ಬಿಗಿ ಅಂಗಿ ಒಂದು, ಬೆನ್ನು ಸುಡೋದು ತಪ್ಪುತ್ತದೆ. ಹವಳದ ಕಲ್ಲುಗಳ ಮೇಲೆ ನಡೆಯೋಕೆ ಹಿಂದೆ ಪಟ್ಟಿ ಇರುವ ಚಪ್ಪಲಿ. ಆಧಾರ್ ಕಾರ್ಡಿನ ಮೂಲ ಪ್ರತಿ, ಡ್ರೈವಿಂಗ್ ಲೈಸೆನ್ಸ್, ಎರಡರ ಜೆರಾಕ್ಸ್. ಟಾರ್ಚ್. ಫೋನ್ ಹಾಕಿಡೋಕೆ ನೀರು ಹೋಗದ ಚೀಲ. ಮರಳುನೊಣ ಕಚ್ಚಿದರೆ ವಾರಗಟ್ಟಲೆ ತುರಿಕೆ, ಹಾಗಾಗಿ ಸೊಳ್ಳೆಗೆ ಹಚ್ಚುವ ಕ್ರೀಮು ಮರೆಯಬೇಡಿ. ನಗದು ಸ್ವಲ್ಪ ಜಾಸ್ತಿಯೇ ಇರಲಿ. ಚೆನ್ನೈಯಿಂದ ಸಮುದ್ರದಡಿ ಕೇಬಲ್ ಎಳೆದು 2020ರಲ್ಲಿ ಶುರು ಮಾಡಿದ ಮೇಲೆ ಇಂಟರ್‌ನೆಟ್ ಎಷ್ಟೋ ಸುಧಾರಿಸಿದೆ. ಆದರೂ ದ್ವೀಪದ ಮೂಲೆಯ ಅಂಗಡಿಯಲ್ಲಿ ಸಿಗ್ನಲ್ ಕೈಕೊಟ್ಟರೆ ನೋಟೇ ಗತಿ.

ಅಮ್ಮ ಕಟ್ಟಿಕೊಟ್ಟ ರಾಗಿ ಹುರಿಹಿಟ್ಟು, ಬೆಲ್ಲ, ಕಡಲೆಕಾಯಿ ಚಟ್ನಿಪುಡಿ ನನ್ನ ಬ್ಯಾಗಿನಲ್ಲಿತ್ತು. ಬೆಳಗಿನ ದೋಣಿಗೆ ನಸುಕಲ್ಲೇ ಜೆಟ್ಟಿಗೆ ಹೋಗಬೇಕು, ಹೊಟ್ಟೆಗೆ ಏನೂ ಬಿದ್ದಿರೋದಿಲ್ಲ. ಸ್ಟೀಲ್ ಲೋಟದಲ್ಲಿ ಹುರಿಹಿಟ್ಟು, ಬೆಲ್ಲ ಹಾಕಿ ನೀರು ಬಿಟ್ಟು ಕಲಸುತ್ತಿದ್ದೆ. ಸಾಲಿನಲ್ಲಿ ಹಿಂದೆ ನಿಂತಿದ್ದ ನಾಗಪುರದ ಕಾಲೇಜು ಮೇಷ್ಟ್ರು "ಇದೇನು?" ಅಂತ ಕೇಳಿದರು. ಕೈಗೆ ಒಂದು ಉಂಡೆ ಕೊಟ್ಟೆ. ಮುಂದೆ ನಿಂತಿದ್ದ ವಿಜಯವಾಡದ ಹುಡುಗ ತಾನಾಗೇ ತಿರುಗಿದ. ದೋಣಿ ಹತ್ತೋ ಹೊತ್ತಿಗೆ ನಾವು ಮೂರು ಜನ ಆಗಿದ್ದೆವು.

ಯಾರ ಜೊತೆ ಹೋಗೋದು

ಹೊಸಬರು ಸಿಗೋ ಜಾಗ ಮೂರು: ಪೋರ್ಟ್ ಬ್ಲೇರ್‌ನ ಫೀನಿಕ್ಸ್ ಬೇ ಜೆಟ್ಟಿಯ ಸಾಲು, ಡಾರ್ಮಿಟರಿ, ದೋಣಿಯ ಮೇಲಿನ ಅಟ್ಟ. ಅಲ್ಲಿಯ ಸ್ಥಳೀಯರ ಜೊತೆಗೂ ಮಾತಾಡಿ. ಹ್ಯಾವ್‌ಲಾಕ್, ನೀಲ್ ಎರಡರಲ್ಲೂ ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳೇ ಜಾಸ್ತಿ. ಪೋರ್ಟ್ ಬ್ಲೇರ್‌ನಲ್ಲಿ ತಮಿಳರು, ತೆಲುಗರು ಬೇಕಾದಷ್ಟು ಜನ ಇದ್ದಾರೆ. ಕೋಲಾರ, ಕೆಜಿಎಫ್ ಕಡೆಯವರಿಗೆ ಕನ್ನಡದ ಜೊತೆ ತೆಲುಗು, ತಮಿಳು ಹೇಗೂ ಬರುತ್ತೆ ಅಲ್ವಾ. ಅಲ್ಲಿ ಅದು ದೊಡ್ಡ ಬಂಡವಾಳ. ನಾನು ಅಕ್ಕನ ಜೊತೆ ತಮಿಳು, ಹುಡುಗನ ಜೊತೆ ತೆಲುಗು, ಮೇಷ್ಟ್ರ ಜೊತೆ ಹಿಂದಿ ಮಾತಾಡಿಕೊಂಡೇ ಕಾಲ ಕಳೆದೆ.

ಜೊತೆಗೆ ಹೋಗೋಣ ಅನ್ನೋ ಮುಂಚೆ ನಾಲ್ಕು ವಿಷಯ ಕೇಳಿ. ಬೆಳಿಗ್ಗೆ ಎಷ್ಟೊತ್ತಿಗೆ ಏಳ್ತೀರಿ? ದಿನಕ್ಕೆ ಎಷ್ಟು ಖರ್ಚು ಅಂದುಕೊಂಡಿದ್ದೀರಿ? ಕುಡಿಯೋ ಅಭ್ಯಾಸ ಇದೆಯಾ? ಈಜು ಬರುತ್ತಾ? ಕೇಳೋಕೆ ಸಂಕೋಚ ಬೇಡ, ಚಹಾ ಕುಡಿಯುತ್ತಾ ಕೇಳಿದರೆ ಯಾರೂ ತಪ್ಪು ತಿಳಿಯೋದಿಲ್ಲ.

ಏಳುವ ಹೊತ್ತು ಸಣ್ಣ ವಿಷಯ ಅನ್ನಿಸಬಹುದು. ಅಂಡಮಾನ್ ನಮಗಿಂತ ತುಂಬಾ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಸೂರ್ಯ ಸುಮಾರು ಒಂದು ಗಂಟೆ ಮುಂಚೆ ಹುಟ್ಟಿ, ಒಂದು ಗಂಟೆ ಮುಂಚೆ ಮುಳುಗುತ್ತಾನೆ. ಜನವರಿಯಲ್ಲಿ ಸಂಜೆ ಐದೂಕಾಲಿಗೆಲ್ಲ ಮುಳುಗಿಬಿಡುತ್ತಾನೆ. ಒಂಬತ್ತಕ್ಕೆ ಏಳುವವರ ಜೊತೆ ಸೇರಿದರೆ ಅರ್ಧ ದಿನ ಹೋಯಿತು.

ಒಪ್ಪಿಗೆಯಾದರೆ ಮಾತು ಹೀಗಿರಲಿ: "ಹ್ಯಾವ್‌ಲಾಕ್ ಮುಗಿಯೋವರೆಗೆ ಜೊತೆಗಿರೋಣ, ಆಮೇಲೆ ನೋಡೋಣ." ಇದನ್ನು ಬಾಯಿಬಿಟ್ಟು ಹೇಳಲೇಬೇಕು. ಆಗ ಬಿಟ್ಟು ಹೋಗುವವರಿಗೂ ಮುಜುಗರ ಇಲ್ಲ, ಉಳಿಯುವವರಿಗೂ ಬೇಜಾರಿಲ್ಲ.

ಹೆಣ್ಣುಮಕ್ಕಳು ಒಬ್ಬರೇ ಹೋಗಿದ್ದರೆ ಒಂದು ಮಾತು, ಇದು ಅಕ್ಕ ಹೇಳಿಕೊಟ್ಟಿದ್ದು. ಎಷ್ಟೇ ಸ್ನೇಹವಾದರೂ ರೂಮು ಬೇರೆಯೇ ಮಾಡಿ, ಅಥವಾ ಹೆಂಗಸರ ಡಾರ್ಮಿಟರಿ ಹಿಡಿಯಿರಿ. ಜೊತೆಗಿರುವವರ ಫೋಟೋ, ಫೋನ್ ನಂಬರ್ ಮನೆಗೆ ಕಳಿಸಿ. ಕಳಿಸಿದ್ದನ್ನು ಅವರೆದುರೇ ಹೇಳಿ. ಒಳ್ಳೆಯವರು ನಕ್ಕು ಸುಮ್ನಾಗುತ್ತಾರೆ. ಮುಖ ಗಂಟಿಕ್ಕಿದವರ ಜೊತೆ ಮುಂದಿನ ದೋಣಿ ಹತ್ತಬೇಡಿ. ಗಂಡಸರಿಗೂ ಇದು ಒಳ್ಳೆಯ ಅಭ್ಯಾಸವೇ. ತುರ್ತು ಸಹಾಯಕ್ಕೆ ಅಲ್ಲೂ 112.

ದುಡ್ಡಿನ ಲೆಕ್ಕ

ಮೊದಲ ಸಲ ಮನಸ್ಸು ಮುರಿದದ್ದು ಇಲ್ಲೇ. ದೋಣಿಯಲ್ಲಿ ಸಿಕ್ಕ ಐದು ಜನರ ಗುಂಪಿಗೆ ಸೇರಿಕೊಂಡೆ. ಹಾಡು, ನಗು, ಎಲ್ಲ ಚೆನ್ನಾಗಿತ್ತು. "ನೀನು ಕೊಟ್ಟಿರು, ಕೊನೆಗೆ ಲೆಕ್ಕ ಮಾಡೋಣ" ಅಂದರು. ಎರಡು ದಿನದ ರೂಮು, ಸ್ಕೂಟರ್, ಊಟ, ಎಲ್ಲಕ್ಕೂ ನಾನೇ ಕೊಟ್ಟೆ. ಮೂರನೇ ದಿನ ಬೆಳಿಗ್ಗೆ ಎದ್ದಾಗ ಇಬ್ಬರು ಮೊದಲ ದೋಣಿಗೆ ಹೊರಟುಹೋಗಿದ್ದರು. ಉಳಿದವರು ತಮ್ಮ ಪಾಲು ಮಾತ್ರ ಕೊಟ್ಟರು. ಹೋದ ದುಡ್ಡಿಗಿಂತ ಜಾಸ್ತಿ ನೋವಾಗಿದ್ದು, ಮಿಕ್ಕ ನಾಲ್ಕು ದಿನ ಯಾರನ್ನು ನೋಡಿದರೂ ಅನುಮಾನ ಬಂದಿದ್ದು. ಸಮುದ್ರದ ಮುಂದೆ ಕೂತು ಲೆಕ್ಕ ಮಾಡುತ್ತಿದ್ದೆ. ಆ ನಾಲ್ಕು ದಿನ ನನಗೆ ವಾಪಸ್ ಸಿಗಲಿಲ್ಲ.

ಎರಡನೇ ಸಲ ಒಂದು ಸಣ್ಣ ನೋಟ್‌ಬುಕ್ ತಗೊಂಡು ಹೋದೆ. ಫೋನಿನಲ್ಲೂ ಮಾಡಬಹುದು, ಆದರೆ ಕಾಗದ ಎಲ್ಲರ ಕಣ್ಣೆದುರು ಇರುತ್ತದೆ. ಒಂದು ಪುಟ ಹೀಗಿತ್ತು:

ಮಧ್ಯಾಹ್ನದ ಊಟ 920, ಕೊಟ್ಟಿದ್ದು ಅಕ್ಕ.
ಸ್ಕೂಟರ್ ಎರಡು 1000, ಕೊಟ್ಟಿದ್ದು ನಾನು.
ಪೆಟ್ರೋಲ್ 300, ಮೇಷ್ಟ್ರು.
ಎಳನೀರು 240, ಹುಡುಗ.

ಒಟ್ಟು 2460. ತಲೆಗೆ 615. ಅಕ್ಕನಿಗೆ 305 ಬರಬೇಕು, ನನಗೆ 385. ಮೇಷ್ಟ್ರು 315 ಕೊಡಬೇಕು, ಹುಡುಗ 375. ಮೇಷ್ಟ್ರು ನನಗೆ 315 ಕೊಟ್ಟರು. ಹುಡುಗ ನನಗೆ 70, ಅಕ್ಕನಿಗೆ 305 ಕೊಟ್ಟ. ಐದು ನಿಮಿಷದ ಕೆಲಸ. ರಾತ್ರಿ ಊಟವಾದ ಮೇಲೆ, ಮಲಗೋ ಮುಂಚೆ ದಿನಾ ಚುಕ್ತಾ. ನಾಳೆಗೆ ಬಾಕಿ ಅನ್ನೋ ಮಾತೇ ಇಲ್ಲ.

ಯಾವುದು ಒಟ್ಟು ಖರ್ಚು, ಯಾವುದು ಸ್ವಂತದ್ದು ಅಂತ ಮೊದಲ ದಿನವೇ ತೀರ್ಮಾನ ಮಾಡಿ. ನಮ್ಮಲ್ಲಿ ಸ್ಕೂಟರ್, ಪೆಟ್ರೋಲ್, ನೀರು, ಸಾದಾ ಊಟ ಒಟ್ಟಿನದು. ಮದ್ಯ, ದೊಡ್ಡ ಸಿಗಡಿ, ಡೈವಿಂಗ್ ಅವರವರದ್ದು. ರೂಮಿಗೆ ಪ್ರತಿಯೊಬ್ಬರೂ ನೇರ ಹೋಟೆಲಿನವರಿಗೇ ಕೊಡಬೇಕು. ಬೇರೆಯವರ ಹೆಸರಲ್ಲಿ ನಿಮ್ಮ ಕಾರ್ಡಿಂದ ಏನನ್ನೂ ಬುಕ್ ಮಾಡಬೇಡಿ. ದೋಣಿ ಟಿಕೆಟ್ ಕೂಡ.

ದೋಣಿ

ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಸರ್ಕಾರಿ ದೋಣಿಯಲ್ಲಿ ಎರಡೂವರೆ ಗಂಟೆ, ಖಾಸಗಿ ದೋಣಿಯಲ್ಲಿ ಒಂದೂವರೆ ಗಂಟೆ ಆಸುಪಾಸು. ಸರ್ಕಾರಿ ಟಿಕೆಟ್ ತುಂಬಾ ಅಗ್ಗ, ಬೇಗ ಖಾಲಿಯಾಗುತ್ತದೆ. ಖಾಸಗಿ ದೋಣಿಗಳಲ್ಲಿ ಎಸಿ ಹಾಲ್‌ನಲ್ಲಿ ಕೂರಿಸುತ್ತಾರೆ. ಸರ್ಕಾರಿ ದೋಣಿಯಲ್ಲಿ ಮೇಲೆ ಬಂದು ಗಾಳಿಗೆ ನಿಲ್ಲಬಹುದು. ಜನರ ಪರಿಚಯ ಆಗೋದು ಅಲ್ಲೇ. ನನ್ನ ಸಲಹೆ ಸರ್ಕಾರಿ ದೋಣಿ. ಟಿಕೆಟ್ ಜೊತೆ ಗುರುತಿನ ಚೀಟಿ ಕೈಯಲ್ಲಿರಲಿ.

ವಾಂತಿ ಬರುವವರು ಡಾಕ್ಟರನ್ನು ಕೇಳಿ ಮಾತ್ರೆ ತಂದಿಟ್ಟುಕೊಳ್ಳಿ. ದೋಣಿ ಬಿಡೋ ಅರ್ಧ ಗಂಟೆ ಮುಂಚೆಯೇ ನುಂಗಬೇಕು, ತಲೆ ಸುತ್ತೋಕೆ ಶುರುವಾದ ಮೇಲೆ ತಗೊಂಡರೆ ಪ್ರಯೋಜನ ಕಡಿಮೆ. ದೋಣಿಯ ನಡುಭಾಗದಲ್ಲಿ ಕೂತು ದೂರದ ದಿಗಂತ ನೋಡಿ. ಫೋನ್ ನೋಡಬೇಡಿ.

ದ್ವೀಪದಲ್ಲಿ, ನೀರಲ್ಲಿ

ಹ್ಯಾವ್‌ಲಾಕ್‌ಗೆ ಮೂರು ದಿನ, ನೀಲ್‌ಗೆ ಎರಡು ದಿನ ಇಟ್ಟುಕೊಳ್ಳಿ. ಹ್ಯಾವ್‌ಲಾಕ್‌ನಲ್ಲಿ ಸಂಜೆಗೆ ರಾಧಾನಗರ ತೀರ, ಬೆಳಗಿನ ಜಾವಕ್ಕೆ ಕಾಲಾಪತ್ಥರ್. ಎಲಿಫೆಂಟ್ ಬೀಚ್‌ಗೆ ದೋಣಿಯಲ್ಲೂ ಹೋಗಬಹುದು, ಕಾಡಿನ ದಾರಿಯಲ್ಲಿ ನಡೆದೂ ಹೋಗಬಹುದು. ನೀಲ್‌ನಲ್ಲಿ ಸಮುದ್ರವೇ ಕೊರೆದ ಕಲ್ಲಿನ ಸೇತುವೆ ಇದೆ. ಅಲ್ಲಿಗೆ ನೀರು ಇಳಿದಾಗಲೇ ಹೋಗಬೇಕು. ಇಳಿತದ ಹೊತ್ತು ಹೋಟೆಲಿನವರನ್ನೇ ಕೇಳಿ, ದಿನದಿಂದ ದಿನಕ್ಕೆ ಬದಲಾಗುತ್ತದೆ.

ಸ್ಕೂಟರ್ ತಗೊಳ್ಳೋ ಮುಂಚೆ ಸುತ್ತಲೂ ವಿಡಿಯೋ ಮಾಡಿ, ಗೀರುಗಳನ್ನು ಮಾಲೀಕರಿಗೆ ತೋರಿಸಿ. ಓಡಿಸುವವರಿಗೆ ಲೈಸೆನ್ಸ್ ಇರಲೇಬೇಕು. ಕತ್ತಲಾಗೋದು ಬೇಗ ಅಂತ ನೆನಪಿರಲಿ.

ಇನ್ನು ನೀರು. ತೇಲುತ್ತಾ ನೀರೊಳಗೆ ನೋಡೋಕೆ ಮುಖಕ್ಕೆ ಹಾಕುವ ಸ್ನಾರ್ಕೆಲ್ ಮಾಸ್ಕನ್ನು ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರೆಳೆಯಿರಿ. ಕೈಬಿಟ್ಟರೂ ಅಂಟಿಕೊಂಡಿದ್ದರೆ ಅದು ನಿಮ್ಮ ಅಳತೆ. ಮಂಜು ಕಟ್ಟದಿರೋಕೆ ಒಳಗಡೆ ಎಂಜಲು ಸವರಿ ತೊಳೆಯಿರಿ, ಅಲ್ಲಿ ಎಲ್ಲರೂ ಮಾಡೋದು ಅದನ್ನೇ. ಲೈಫ್ ಜಾಕೆಟ್ ಹಾಕಿಕೊಂಡೇ ಇಳಿಯಿರಿ. ಇಬ್ಬಿಬ್ಬರು ಜೋಡಿಯಾಗಿ ಇರಿ, ಎರಡು ನಿಮಿಷಕ್ಕೊಮ್ಮೆ ತಲೆ ಎತ್ತಿ ಜೋಡಿಯನ್ನು ಹುಡುಕಿ.

ಮುಖ ಇಟ್ಟ ತಕ್ಷಣ ನನಗೆ ಕೇಳಿಸಿದ್ದು ನನ್ನ ಉಸಿರಿನ ಸದ್ದು. ಆಮೇಲೆ ಇನ್ನೊಂದು ಸದ್ದು, ಕಟಕಟ ಅಂತ. ಹುರಿಗಾಳು ಅಗಿದ ಹಾಗೆ. ನೋಡಿದರೆ ಹಸಿರು-ನೀಲಿ ಬಣ್ಣದ ಗಿಳಿಮೀನು, ಹವಳದ ಕಲ್ಲನ್ನು ಕಡಿಯುತ್ತಿತ್ತು. ಕಲ್ಲಿನ ಮೇಲಿನ ಪಾಚಿ ಅದಕ್ಕೆ ಆಹಾರ. ಜೊತೆಗೆ ಒಳಹೋದ ಹವಳದ ಪುಡಿ ಮರಳಾಗಿ ಹೊರಬರುತ್ತದೆ. ನಾವು ಹಿಂದಿನ ಸಂಜೆ ಬರಿಗಾಲಲ್ಲಿ ನಡೆದ ಬಿಳಿ ಮರಳಲ್ಲಿ ಅದರ ಪಾಲೂ ಇತ್ತು. ಹುಡುಗ ನನ್ನ ಕೈ ಹಿಡಿದು ತೋರಿಸುತ್ತಿದ್ದ. ಅವನಿಗೂ ಈಜು ಅಷ್ಟಕ್ಕಷ್ಟೆ. ನಾವಿಬ್ಬರೂ ಕೈ ಬಿಡಲೇ ಇಲ್ಲ.

ಅದೇ ಜಾಗದಲ್ಲಿ ಸತ್ತು ಬೂದಿ ಬಣ್ಣವಾದ ಹವಳವೂ ಇತ್ತು. ಸಮುದ್ರ ಬಿಸಿಯಾಗಿ 2010ರಲ್ಲಿ, ಮತ್ತೆ 2016ರಲ್ಲಿ ಅಂಡಮಾನ್‌ನ ಹವಳಗಳು ಬಿಳಿಚಿಕೊಂಡವು. ಚೇತರಿಸಿಕೊಳ್ಳುತ್ತಿರೋದರ ಮೇಲೆ ಕಾಲಿಡಬೇಡಿ, ದಯವಿಟ್ಟು. ಚೂರು ಹವಳವನ್ನೂ ಮನೆಗೆ ತರಬೇಡಿ. ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ, ವಿಮಾನ ನಿಲ್ದಾಣದಲ್ಲಿ ಬ್ಯಾಗು ತಪಾಸಣೆ ಮಾಡುತ್ತಾರೆ. ಮೊಸಳೆ ಇದೆ ಅನ್ನೋ ಬೋರ್ಡ್ ಕಂಡ ಕಡೆ ಇಳಿಯಲೇಬೇಡಿ. ಅಲ್ಲಿಯ ಮೊಸಳೆ ಉಪ್ಪುನೀರಲ್ಲೂ ಇರುತ್ತದೆ.

ಸ್ಕೂಬಾ ಡೈವಿಂಗ್ ಮಾಡುವವರು ಆಸ್ತಮಾ, ಕಿವಿ ತೊಂದರೆ, ಹೃದಯದ ತೊಂದರೆ ಇದ್ದರೆ ಮುಚ್ಚಿಡಬೇಡಿ. ಕೆಳಗೆ ಹೋಗುತ್ತಾ ಮೂಗು ಹಿಡಿದು ಮೆಲ್ಲಗೆ ಗಾಳಿ ಊದಿ ಕಿವಿ ಸರಿಮಾಡಿಕೊಳ್ಳಬೇಕು. ನೆಗಡಿ ಇದ್ದರೆ ಅದು ಆಗೋದಿಲ್ಲ, ಆವತ್ತು ಬಿಟ್ಟುಬಿಡಿ. ಡೈವ್ ಆದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು. ರಕ್ತದಲ್ಲಿ ಕರಗಿದ ನೈಟ್ರೋಜನ್ ಎತ್ತರಕ್ಕೆ ಹೋದಾಗ ಗುಳ್ಳೆಗಟ್ಟುತ್ತದೆ. ಹಾಗಾಗಿ ಡೈವಿಂಗ್ ಪ್ರವಾಸದ ಮೊದಲರ್ಧದಲ್ಲೇ ಮುಗಿಸಿ.

ಗುಂಪಿನಲ್ಲಿ ಯಾರಾದರೂ ಬಾರಾಟಾಂಗ್ ದ್ವೀಪದ ಸುಣ್ಣಕಲ್ಲಿನ ಗುಹೆಗೆ ಹೋಗೋಣ ಅನ್ನಬಹುದು. ರಸ್ತೆ ಜಾರವಾ ಆದಿವಾಸಿ ಜನರ ಕಾಡಿನ ಮೂಲಕ ಹೋಗುತ್ತದೆ. ವಾಹನಗಳನ್ನು ಸಾಲಾಗಿ, ಕಾವಲಿನಲ್ಲಿ ಬಿಡುತ್ತಾರೆ. ನಿಲ್ಲಿಸೋ ಹಾಗಿಲ್ಲ, ಫೋಟೋ ತೆಗೆಯೋ ಹಾಗಿಲ್ಲ, ತಿಂಡಿ ಕೊಡೋ ಹಾಗಿಲ್ಲ. ನಾವು ನಾಲ್ವರೂ ಹೋಗೋದು ಬೇಡ ಅಂತ ತೀರ್ಮಾನಿಸಿದೆವು. ಅವರ ಮನೆಯಂಗಳದಲ್ಲಿ ಹಾದುಹೋಗೋದು ಸರಿ ಅನ್ನಿಸಲಿಲ್ಲ.

ಮುಂದಿನ ದ್ವೀಪದ ಮಾತು

ಹೊರಡುವ ಹಿಂದಿನ ಸಂಜೆ, ಲೆಕ್ಕ ಚುಕ್ತಾ ಆದ ಮೇಲೆ, ಕೇಳಿ: "ನೀಲ್‌ಗೆ ಯಾರ್ಯಾರು?" ಒಬ್ಬೊಬ್ಬರೂ ತಾವಾಗೇ ಹೇಳಲಿ. ನಮ್ಮಲ್ಲಿ ಮೇಷ್ಟ್ರು ಇನ್ನೆರಡು ದಿನ ಹ್ಯಾವ್‌ಲಾಕ್‌ನಲ್ಲೇ ಇರುತ್ತೇನೆ ಅಂದರು, ಓದೋಕೆ ಪುಸ್ತಕ ತಂದಿದ್ದರು. ಯಾರೂ ಬಲವಂತ ಮಾಡಲಿಲ್ಲ. ಬೆಳಿಗ್ಗೆ ಜೆಟ್ಟಿವರೆಗೆ ಬಂದು ನಮ್ಮನ್ನು ದೋಣಿ ಹತ್ತಿಸಿ, ಚಟ್ನಿಪುಡಿ ಡಬ್ಬಿಯಲ್ಲಿ ಉಳಿದಿದ್ದನ್ನು ಕೇಳಿ ಇಸ್ಕೊಂಡರು. ಮೂರನೇ ದಿನ ಪೋರ್ಟ್ ಬ್ಲೇರ್‌ನಲ್ಲಿ ಮತ್ತೆ ಸಿಕ್ಕರು.

ನಿಮಗೆ ಯಾರ ಜೊತೆಗಾದರೂ ಹೊಂದಿಕೆ ಆಗದಿದ್ದರೆ ಸುಳ್ಳು ನೆಪ ಬೇಡ. "ಎರಡು ದಿನ ಒಬ್ಬನೇ ಇರಬೇಕು ಅನ್ನಿಸ್ತಿದೆ" ಅಂದರೆ ಸಾಕು. ಸಣ್ಣ ದ್ವೀಪ, ನಾಳೆ ಅದೇ ಹೋಟೆಲಿನಲ್ಲಿ ಎದುರುಬದುರು ಕೂರಬೇಕಾಗುತ್ತದೆ.

ವಿಮಾನದ ಹಿಂದಿನ ದಿನ ಪೋರ್ಟ್ ಬ್ಲೇರ್‌ನಲ್ಲೇ ಇರಿ. ಗಾಳಿ ಎದ್ದು ದೋಣಿ ರದ್ದಾದರೆ ಟಿಕೆಟ್ ದುಡ್ಡು ಹೋಗುತ್ತದೆ. ಆ ಒಂದು ದಿನ ಸೆಲ್ಯುಲರ್ ಜೈಲ್ ನೋಡಿ. 1906ರಲ್ಲಿ ಕಟ್ಟಿ ಮುಗಿಸಿದ್ದು. ಒಬ್ಬ ಕೈದಿಗೆ ಇನ್ನೊಬ್ಬನ ಮುಖ ಕಾಣದ ಹಾಗೆ ಕೋಣೆಗಳನ್ನು ಕಟ್ಟಿದ್ದಾರೆ. ನಾವು ನಾಲ್ವರು ಒಟ್ಟಿಗೆ ಒಳಗೆ ಹೋದೆವು. ಹೊರಗೆ ಬಂದ ಮೇಲೆ ತುಂಬಾ ಹೊತ್ತು ಯಾರೂ ಮಾತಾಡಲಿಲ್ಲ.

ಕೊನೆಯದಾಗಿ, ಅವರನ್ನು ಊರಿಗೆ ಕರೆಯೋದಾದರೆ ತಿಂಗಳು ಹೇಳಿ ಕರೆಯಿರಿ. ಸುಮ್ನೆ "ಬನ್ನಿ" ಅಂದರೆ ಯಾರೂ ಬರೋದಿಲ್ಲ. ನಾನು ಜೂನ್ ಅಂದಿದ್ದೆ, ಶ್ರೀನಿವಾಸಪುರದಲ್ಲಿ ಮಾವು ರಾಶಿ ಬೀಳುವ ಕಾಲ. ಅಕ್ಕನೂ ಹುಡುಗನೂ ಬಂದರು. ಅಮ್ಮ ಮುದ್ದೆ, ಬಸ್ಸಾರು ಮಾಡಿದ್ದಳು. ಸಂಜೆ ಅಂತರಗಂಗೆ ಮೆಟ್ಟಿಲು ಹತ್ತಿಸಿದೆ. ಕಲ್ಲು ಬಸವನ ಬಾಯಿಂದ ಬೀಳುವ ನೀರಿಗೆ ಹುಡುಗ ಬೊಗಸೆ ಒಡ್ಡಿ, ನಾಲಿಗೆಗೆ ಮುಟ್ಟಿಸಿ, "ಸಿಹಿ ಇದೆ" ಅಂದ.